ರಿಸೊಟ್ಟೊಗೆ ಯಾವ ಅಕ್ಕಿ? ಬೆಳಗಾವಿಯ ಒಲೆ ಮೇಲೆ ನಾಲ್ಕು ಪ್ರಯೋಗ

ಮಿಲಾನ್‌ನಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವನಿಗೆ ಅಲ್ಲಿಂದ ಅಂಟಿಕೊಂಡ ಚಟ ಒಂದೇ, ಕೇಸರಿ ಹಾಕಿದ ರಿಸೊಟ್ಟೊ. ಬಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ತಿರುವುತ್ತಾ ಬೇಯಿಸುವ ಇಟಲಿಯ ಅನ್ನ ಅದು; ಅಕ್ಕಿಯ ಪಿಷ್ಟ ಕೆನೆಯ ಹಾಗೆ ಬಿಟ್ಟುಕೊಳ್ಳಬೇಕು, ಕಾಳು ಮಾತ್ರ ಬಿಗಿಯಾಗಿರಬೇಕು. ಅಲ್ಲಿ ಅದಕ್ಕೆ ಎಲುಬಿನ ಮಜ್ಜೆಯನ್ನೂ ಹಾಕುತ್ತಾರೆ. ನಮ್ಮ ಮನೆಯಲ್ಲಿ ಆ ಮಾತೇ ಎತ್ತುವಂತಿಲ್ಲ. ಬೆಣ್ಣೆ, ಈರುಳ್ಳಿ, ತರಕಾರಿ ಬೇಯಿಸಿ ಸೋಸಿದ ಬಿಸಿ ನೀರು, ಕೇಸರಿ ಇಷ್ಟನ್ನು ಹಾಗೇ ಇಟ್ಟುಕೊಂಡು ಅಕ್ಕಿ ಮಾತ್ರ ಬದಲಿಸುತ್ತಾ ಹೋದೆ. ಪ್ರತಿ ಸಲವೂ 200 ಗ್ರಾಂ.

ಮೊದಲು ಸೋನಾ ಮಸೂರಿ. ಹನ್ನೊಂದೇ ನಿಮಿಷಕ್ಕೆ ಬೆಂದುಹೋಯಿತು, ನೀರು ಮಾತ್ರ ನೀರಾಗಿಯೇ ಉಳಿಯಿತು. ಅಂಗಡಿಯವರು ಕೊಟ್ಟಿದ್ದು ಹಳೇ ಅಕ್ಕಿ. ಅನ್ನ ಉದುರುದುರಾಗಲಿ ಅಂತ ನಾವು ಹೆಚ್ಚು ದುಡ್ಡು ಕೊಟ್ಟು ತರೋದೇ ಅದನ್ನ, ರಿಸೊಟ್ಟೊಗೆ ಬೇಡವಾದ ಗುಣವೂ ಅದೇ. ಇಡ್ಲಿ ಅಕ್ಕಿಯನ್ನೂ ಒಮ್ಮೆ ನೋಡಿದೆ. ಕುಸುಬಲಕ್ಕಿಯ ಪಿಷ್ಟ ಮೊದಲೇ ಬೆಂದು ಗಟ್ಟಿಯಾಗಿರುತ್ತದೆ, ಎಷ್ಟು ತಿರುವಿದರೂ ಬಿಟ್ಟುಕೊಡಲಿಲ್ಲ. ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಆಮೇಲೆ ಇಂದ್ರಾಯಣಿ, ಮಹಾರಾಷ್ಟ್ರದ ಘಮದ ಅಂಟು ಅಕ್ಕಿ, ಅದೂ ಕೇಳಿ ತಂದ ಹೊಸ ಅಕ್ಕಿ. ತೊಳೆದರೆ ಮೇಲಿನ ಪಿಷ್ಟ ಹೋಗಿಬಿಡುತ್ತೆ ಅಂತ ಒಣ ಬಟ್ಟೆಯಲ್ಲಿ ಉಜ್ಜಿ ಹಾಗೇ ಬೆಣ್ಣೆಗೆ ಹಾಕಿದೆ. ಅವ್ವ ಹೌಹಾರಿದಳು: "ತೊಳೀದ ಅಕ್ಕಿ ಒಲಿ ಮ್ಯಾಲ ಇಡ್ತಾರೇನಪಾ?" ಹತ್ತನೇ ನಿಮಿಷಕ್ಕೆಲ್ಲ ಗಂಜಿಯಂಥ ನೊರೆ ಎದ್ದಿತು. ಪಾತ್ರೆಯ ತಳದಲ್ಲಿ ಸೌಟಿನಿಂದ ಗೆರೆ ಎಳೆದರೆ ನಿಧಾನಕ್ಕೆ ಕೂಡಿಕೊಳ್ಳಬೇಕು. ಇದು ಕೂಡಿಕೊಂಡಿತು! ಆದರೆ ಹದಿಮೂರಕ್ಕೆ ಇಳಿಸಬೇಕು. ಹದಿನೈದಾದರೆ ಮುದ್ದೆ. ಘಮವೂ ಸ್ವಲ್ಪ ಜಾಸ್ತಿ, ಕೇಸರಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಅರ್ಬೋರಿಯೊ ಇಟಲಿಯ ವೆರ್ಚೆಲ್ಲಿ ಪ್ರಾಂತ್ಯದ ಒಂದು ಊರಿನ ಹೆಸರು, ಅಕ್ಕಿಗೂ ಅದೇ ಹೆಸರು. ನಮ್ಮಲ್ಲಿ ಸುಲಭವಾಗಿ ಸಿಗೋದೂ ಇದೇ, ಆದರೆ ಆ ದುಡ್ಡಿಗೆ ಇಂದ್ರಾಯಣಿ ಏಳೆಂಟು ಕೆಜಿ ಬರುತ್ತೆ. ದಪ್ಪ ಕಾಳು, ಹದಿನೇಳು ನಿಮಿಷ, ಕೆನೆ ಚೆನ್ನಾಗಿ ಬಿಡುತ್ತದೆ. ಫೋನ್ ಬಂತು ಅಂತ ಎರಡು ನಿಮಿಷ ಆಚೆ ಹೋದೆ, ಅಷ್ಟರಲ್ಲಿ ಕಾಳಿನ ಅಂಚೆಲ್ಲ ಕರಗಿತ್ತು. ನಿಜ ಹೇಳಬೇಕೆಂದರೆ, ಹೊಸ ಇಂದ್ರಾಯಣಿಗಿಂತ ಇಷ್ಟೊಂದು ದುಡ್ಡಿನಷ್ಟು ಮೇಲು ಅಂತ ನನಗನಿಸಲಿಲ್ಲ.

ಕಾರ್ನಾರೋಲಿ ಬೇರೆಯೇ ಜಾತಿ. 1945ರಲ್ಲಿ ಮಿಲಾನ್ ಹತ್ತಿರದ ಪಾವುಲ್ಲೋದಲ್ಲಿ ಬೆಳೆಸಿದ ತಳಿ. ಇದರಲ್ಲಿ ಅಮೈಲೋಸ್, ಅಂದರೆ ಪಿಷ್ಟದಲ್ಲಿ ಅಂಟು ಬಿಡದ ಭಾಗ, ಹೆಚ್ಚು, ಹಾಗಾಗಿ ಹೊರಗೆ ಕೆನೆ ಬಿಟ್ಟರೂ ಒಳಗೆ ಕಾಳು ಬಿಗಿ. ಹದಿನೆಂಟನೇ ನಿಮಿಷಕ್ಕೆ ಒಂದು ಕಾಳು ಕಚ್ಚಿ ನೋಡಿದೆ, ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಒಲೆ ಆರಿಸಿ, ತಣ್ಣನೆಯ ಬೆಣ್ಣೆ ಸೇರಿಸಿ ಜೋರಾಗಿ ತಿರುವಿ ತಟ್ಟೆಗೆ ಹಾಕಿ ತಳ ತಟ್ಟಿದರೆ ಅಲೆಯ ಹಾಗೆ ಹರಡಿತು. ಹತ್ತು ನಿಮಿಷ ಬಿಟ್ಟು ತಿಂದರೂ ಮುದ್ದೆಯಾಗಿರಲಿಲ್ಲ.

ಕೊನೆಗೆ ಬೆಣ್ಣೆಯ ನಂತರ ಹಾಕುವ ಚೀಸ್‌ಗೆ ಮಾತ್ರ ಬದಲಿ ಸಿಗಲಿಲ್ಲ. ಪ್ಯಾಕೆಟ್ಟಿನ ಪ್ರೊಸೆಸ್ಡ್ ಚೀಸ್ ಹಾಕಿದ ದಿನ ಸೌಟು ಎತ್ತಿದರೆ ಗೋಂದಿನ ಎಳೆ. ಇಟಲಿಯ ಗಟ್ಟಿ ಚೀಸ್ ಪಾರ್ಮಿಜಾನೊ ರೆಜ್ಜಾನೊ ತುರಿದೇ ಹಾಕಬೇಕು. ಅದರ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಆದ್ದರಿಂದ ಅವ್ವನ ಪಾಲನ್ನು ಬೆಣ್ಣೆ ಹಾಕಿದ ಕೂಡಲೇ ತೆಗೆದಿಡುತ್ತೇನೆ. ಅವಳು ಮೇಲೆ ಲಿಂಬೆಹಣ್ಣು ಹಿಂಡಿ, ಪಕ್ಕಕ್ಕೆ ಮಾವಿನ ಉಪ್ಪಿನಕಾಯಿ ಹಾಕಿಕೊಳ್ಳುತ್ತಾಳೆ.

ಈಗ ವಾರದ ಅಡುಗೆಗೆ ಇಂದ್ರಾಯಣಿ. ಕಾರ್ನಾರೋಲಿ ಪೊಟ್ಟಣದಲ್ಲಿ ಇನ್ನೊಂದು ಸಲಕ್ಕಾಗುವಷ್ಟಿದೆ. ಅದು ನನ್ನ ತಮ್ಮ ಬರೋ ದಿನಕ್ಕೆ. "ಬಂದೆ, ಬಂದೆ" ಅಂದು ಅರ್ಧ ಗಂಟೆ ಬಿಟ್ಟು ಊಟಕ್ಕೆ ಕೂರೋ ಆಸಾಮಿ ಅವನು.