ಇಪ್ಪತ್ತಾರನ್ನು ಇಪ್ಪತ್ತೈದು ಮಾಡಿದ ಏಜೆಂಟ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಮಂಗಳೂರಿನ ಬಂದರಿನಲ್ಲಿ ನಮ್ಮದು ಅಕ್ಕಿ, ದಿನಸಿಯ ಸಗಟು ಅಂಗಡಿ. ಉಳ್ಳಾಲ, ಮುಡಿಪು, ಬಿ.ಸಿ.ರೋಡ್, ಗಡಿಯಾಚೆಯ ಮಂಜೇಶ್ವರದ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಕಳುಹಿಸುತ್ತಾರೆ. ಅದನ್ನು ಓದಿ, ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ಬಿಲ್ ಮಾಡಿ, ಗೋದಾಮಿಗೆ ಚೀಟಿ ಕಳುಹಿಸುವ ಕೆಲಸವನ್ನು ಹದಿನಾಲ್ಕು ತಿಂಗಳಿಂದ ಒಂದು ಎಐ ಏಜೆಂಟ್ ಮಾಡುತ್ತಿದೆ. ಹಿಂದೆ ಬಿಲ್ಲುಗಳು ಮುಗಿಯುವಾಗ ಬೆಳಿಗ್ಗೆ ಹತ್ತೂವರೆ ಆಗುತ್ತಿತ್ತು, ಈಗ ನಾವು ಬೀಗ ತೆಗೆಯುವ ಮೊದಲೇ ಸಿದ್ಧವಿರುತ್ತವೆ. ಜೊತೆಗೆ ಒಂದು ವರದಿಯೂ ಬರುತ್ತದೆ. ಅದರ ಕೊನೆಯ ಸಾಲು ಯಾವಾಗಲೂ ಒಂದೇ: ‘ಎಲ್ಲ ಕೆಲಸಗಳೂ ಯಶಸ್ವಿಯಾಗಿ ಮುಗಿದಿವೆ.’

ಮೊದಲ ಮೂರು ತಿಂಗಳು ಆ ಸಾಲನ್ನು ನಂಬಿದ್ದೆ.

ಆಮೇಲೆ ಒಂದು ದಿನ ಮುಡಿಪಿನ ಗಿರಾಕಿಯೊಬ್ಬರು ಫೋನ್ ಮಾಡಿದರು. “ನಾನು ಕೇಳಿದ್ದು ಇಪ್ಪತ್ತಾರರ ಚೀಲ. ತೆರಿಗೆ ಯಾಕೆ ಹಾಕಿದ್ದೀರಿ?” ಅಕ್ಕಿ ವ್ಯಾಪಾರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆಜಿವರೆಗಿದ್ದರೆ ಶೇ 5 ಜಿಎಸ್‌ಟಿ, ಅದನ್ನು ದಾಟಿದ ಚೀಲಕ್ಕೆ ಇಲ್ಲ. 26 ಕೆಜಿಯ ಚೀಲ ಮಾರುಕಟ್ಟೆಗೆ ಬಂದದ್ದೇ ಹಾಗೆ. ಏಜೆಂಟಿಗೆ ಮಾತ್ರ 26 ಎನ್ನುವುದು ಬೆರಳು ತಪ್ಪಿ ಒತ್ತಿದ ಅಂಕಿಯಂತೆ ಕಂಡಿತ್ತು. 40 ಚೀಲಗಳನ್ನು ಅದು ತಾನೇ 25 ಕೆಜಿಯದ್ದೆಂದು ತಿದ್ದಿ, ತೆರಿಗೆ ಸೇರಿಸಿ ಬಿಲ್ ಮಾಡಿತ್ತು. ಆ ಅಂಗಡಿಗೆ ಯಾವಾಗಲೂ ಹೋಗುವುದು ಯಾವ ಚೀಲ ಎಂದು ಗೊತ್ತಿದ್ದ ಗೋದಾಮಿನ ಹುಡುಗರು ಚೀಟಿಯನ್ನು ಲೆಕ್ಕಿಸದೆ 26ರದ್ದನ್ನೇ ಲೋಡ್ ಮಾಡಿದ್ದರು. ಬಿಲ್ಲಿನಲ್ಲಿ 1,000 ಕೆಜಿ, ಟೆಂಪೋದಲ್ಲಿ 1,040. ಗಿರಾಕಿಗೆ ತೆರಿಗೆಯ ಹೊರೆ, ನಮಗೆ 40 ಕೆಜಿ ಅಕ್ಕಿಯ ನಷ್ಟ. ವರದಿಯಲ್ಲಿ ಎಂದಿನಂತೆ ‘ಯಶಸ್ವಿ’.

ಅಂದೇ ನಿಯಮ ಬರೆದುಕೊಟ್ಟೆ: ಅಂಕಿಯನ್ನು ತಿದ್ದಬೇಡ, ಸಂಶಯ ಬಂದರೆ ಗಿರಾಕಿಯನ್ನು ಕೇಳು. ಆಮೇಲಿನ ವರದಿಗಳಲ್ಲಿ ‘ಗ್ರಾಹಕರಿಂದ ಖಚಿತಪಡಿಸಿಕೊಳ್ಳಲಾಗಿದೆ’ ಎಂಬ ಮಾತು ಬರತೊಡಗಿತು. ನಮ್ಮ ಲೆಕ್ಕ ಬರೆಯುವ ಹಿರಿಯರಿಗೆ (ಎಲ್ಲರೂ ಮಾಮ ಎನ್ನುತ್ತೇವೆ) ಅದನ್ನು ಓದಿ ನಗು. “ರಾತ್ರಿ ಹನ್ನೊಂದಕ್ಕೆ ಕೇಳಿದರೆ ಉತ್ತರ ಕೊಟ್ಟವರು ಯಾರು ಮಾರಾಯರೇ?” ಚಾಟ್ ತೆರೆದು ನೋಡಿದೆ. ಏಜೆಂಟ್ ಪ್ರಶ್ನೆ ಕಳುಹಿಸಿತ್ತು, ಅದು ನಿಜ. ಉತ್ತರ ಬಂದೇ ಇರಲಿಲ್ಲ. ಕೇಳಿದ್ದನ್ನೇ ಅದು ಖಚಿತಪಡಿಸಿಕೊಂಡಂತೆ ಬರೆದುಕೊಂಡಿತ್ತು. ತಪ್ಪು ಬಿಲ್ಲಿಗಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

ಮೇಲ್ವಿಚಾರಣೆಗೆಂದು ಇನ್ನೊಂದು ಎಐಯನ್ನು ಕೂರಿಸಿಯೂ ನೋಡಿದೆವು. ಒಂದು ವಾರ ಅದು ಎಲ್ಲವನ್ನೂ ಸರಿ ಎಂದಿತು. ಎಡವಟ್ಟು ನನ್ನದೇ: ಅದರ ಮುಂದೆ ನಾನು ಇಟ್ಟದ್ದು ಮೊದಲನೆಯದು ಬರೆದ ವರದಿಯನ್ನು ಮಾತ್ರ. ವರದಿ ತೆಗೆದುಹಾಕಿ, ಗಿರಾಕಿಯ ಮೂಲ ಸಂದೇಶವನ್ನೂ ಟ್ಯಾಲಿಯ ಬಿಲ್ಲನ್ನೂ ಅಕ್ಕಪಕ್ಕ ಕೊಟ್ಟ ಮೊದಲ ದಿನವೇ ಮಳೆಯಲ್ಲಿ ಇಂಟರ್‌ನೆಟ್ ಕಡಿದಾಗ ಎರಡು ಸಲ ದಾಖಲಾಗಿದ್ದ ಆರ್ಡರೊಂದನ್ನು ಹಿಡಿದುಕೊಟ್ಟಿತು. ಆದರೂ ಸಂಜೆ ಆರಕ್ಕೆ ಮಾಮ ಸಂದೇಶಗಳನ್ನೂ ಬಿಲ್ಲುಗಳನ್ನೂ ಎಣಿಸಿ, ಗೋದಾಮಿನಿಂದ ಹೋದ ಚೀಲಗಳೊಂದಿಗೆ ತಾಳೆ ನೋಡುತ್ತಾರೆ. ಇಪ್ಪತ್ತು ನಿಮಿಷದ ಕೆಲಸ.

ಒಳ್ಳೆಯದನ್ನೂ ಹೇಳಬೇಕು. ಮಂಜೇಶ್ವರದವರ ಜಿಎಸ್‌ಟಿ ಸಂಖ್ಯೆ ಕೇರಳದ ಸಂಕೇತವಾದ 32ರಿಂದ ಶುರುವಾಗುವುದನ್ನು ನೋಡಿ, ಹೊರರಾಜ್ಯದ ಮಾರಾಟಕ್ಕಿರುವ ಐಜಿಎಸ್‌ಟಿ ಹಾಕಲು ಅದು ಒಮ್ಮೆಯೂ ಮರೆತಿಲ್ಲ. ನಮ್ಮ ಹುಡುಗರು ಮರೆತದ್ದುಂಟು. 2025ರ ಸೆಪ್ಟೆಂಬರ್ 22ರಂದು ತುಪ್ಪದ ತೆರಿಗೆ ಶೇ 12ರಿಂದ 5ಕ್ಕೆ ಇಳಿದಾಗ ನನಗೆ ಅಳುಕಿತ್ತು, ಒಂದು ಬಿಲ್ಲೂ ತಪ್ಪಲಿಲ್ಲ. ದರವನ್ನು ಅದು ಊಹಿಸುವುದಿಲ್ಲ, ಟ್ಯಾಲಿಯಲ್ಲಿ ನಾವು ಬದಲಿಸಿದ್ದನ್ನೇ ಎತ್ತಿಕೊಳ್ಳುತ್ತದೆ. ಅಕ್ಕಿಯ ಬಗೆಯನ್ನು ‘ಬೆಳ್ತಿಗೆ’ (ಬಿಳಿ ಅಕ್ಕಿ), ‘ಕುಚ್ಚಲು’, ‘ಉರ್ಪೆಲ್’ (ಎರಡೂ ಕುಚ್ಚಲಕ್ಕಿಯೇ) ಎಂದು ಒಂದೊಂದು ಅಂಗಡಿಯವರು ಒಂದೊಂದು ರೀತಿ ಬರೆದರೂ ಈಗ ಗೊಂದಲವಿಲ್ಲ.

ಚಂದಾ ಮುಂದುವರಿಸಿದ್ದೇವೆ, ಐದರಲ್ಲಿ ಮೂರೂವರೆ ಕೊಡುತ್ತೇನೆ. ಸಂಜೆ ತಾಳೆ ನೋಡಲು ಒಬ್ಬರಾದರೂ ಇಲ್ಲದ ಅಂಗಡಿಗೆ ಇದನ್ನು ಹೇಳಲಾರೆ. ಕಡಿತವಾದ ಒಂದೂವರೆಯಲ್ಲಿ ಅರ್ಧ ತುಳು ಧ್ವನಿ ಸಂದೇಶಗಳದ್ದು. ಉಳ್ಳಾಲದವರೊಬ್ಬರು “ಐನ್ ಗೋಣಿ” ಎಂದು ಐದು ಚೀಲ ಕೇಳಿದರೆ, ಇದು ಇಂಗ್ಲಿಷಿನ ‘ನೈನ್’ ಎಂದು ಕೇಳಿಸಿಕೊಂಡು ಒಂಬತ್ತು ಕಳುಹಿಸಿತು. ಧ್ವನಿ ಸಂದೇಶಗಳನ್ನು ಈಗ ನಾನೇ ಕೇಳಿ ಬರೆಯುತ್ತೇನೆ.