ಹೀಲಿಯಂ ಸೋರಿಕೆ ಪತ್ತೆ ಯಂತ್ರ: ಕರಾವಳಿಯ ಮಳೆಗಾಲಗಳನ್ನು ಕಂಡ ಮೇಲೆ

ಬೈಕಂಪಾಡಿಯ ನಮ್ಮ ಪ್ರಯೋಗಾಲಯದಲ್ಲಿ ಮೀನೆಣ್ಣೆ, ಗೋಡಂಬಿಗಳ ಪರೀಕ್ಷೆಗೆ, ಮಾದರಿಯ ಅಂಶಗಳನ್ನು ಅನಿಲದ ಹರಿವಿನಲ್ಲಿ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್‌ಗಳಿವೆ. ಅವುಗಳಿಗೆ ಬೇಕಾದ ಹೀಲಿಯಂ ಬೆಂಗಳೂರಿನಿಂದ ಲಾರಿಯಲ್ಲಿ ಬರಬೇಕು. ಶಿರಾಡಿಯಲ್ಲಿ ಗುಡ್ಡ ಜರಿದರೆ ಸಿಲಿಂಡರ್ ಘಟ್ಟದ ಮೇಲೆ, ನಾವು ಕೆಳಗೆ. ಹಾಗಾಗಿ ಈ ಕೈಯಂತ್ರಕ್ಕೆ ಲೆಕ್ಕಪತ್ರ ವಿಭಾಗವನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ.

ಒಳಗಿನ ಪುಟ್ಟ ಪಂಪು ಮೂತಿಯಿಂದ ಗಾಳಿ ಎಳೆದು, ಅದರ ಉಷ್ಣವಾಹಕತೆಯನ್ನು ಸುತ್ತಲಿನ ಗಾಳಿಯದರೊಂದಿಗೆ ಹೋಲಿಸುತ್ತದೆ. ಹೀಲಿಯಂನದು ಗಾಳಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಚೂರು ಸೋರಿದರೂ ದೀಪಗಳು ಹತ್ತಿ ಯಂತ್ರ ಕೀರಲು ಶುರುಮಾಡುತ್ತದೆ. ಹೈಡ್ರೋಜನ್ನಿಗೂ ಒಳ್ಳೆಯದು. ನೈಟ್ರೋಜನ್ನಿಗೆ ಮಾತ್ರ ದಂಡ, ಅಲ್ಲಿ ಸಾಬೂನು ನೀರೇ ಗತಿ. ಆದರೆ ಕಾಲಂ (ಅಂಶಗಳು ಬೇರ್ಪಡುವ ಸಪೂರ ಕೊಳವೆ) ಜೋಡಣೆಗಳಿಗೆ ಸಾಬೂನು ನೀರು ಹಚ್ಚಲೇಬೇಡಿ. ಅದು ಒಳಗೆ ಸೇರಿದರೆ ಡಿಟೆಕ್ಟರಿನ ಗೋಳು ಬೇಗ ಮುಗಿಯುವುದಿಲ್ಲ.

ಸೋರಿಕೆಯ ಬಗ್ಗೆ ನಮ್ಮೆಲ್ಲರ ಅನುಮಾನ ಸಿಲಿಂಡರಿನ ರೆಗ್ಯುಲೇಟರಿನ ಮೇಲಿತ್ತು. ಯಂತ್ರ ಅಲ್ಲಿ ತುಟಿಪಿಟಕ್ಕೆನ್ನದೆ, ಗೋಡೆಯ ಹಿತ್ತಾಳೆ ಜೋಡಣೆಯೊಂದರ ಬಳಿ ಕೂಗಿಕೊಂಡಿತು. ನಟ್ಟು ಬಿಚ್ಚಿದರೆ ತಿರುಪಿನ ಎಳೆಗಳ ಸುತ್ತ ಬಿಳಿ ಟೆಫ್ಲಾನ್ ಟೇಪು. ಇಂಥ ಜೋಡಣೆಯಲ್ಲಿ ಅನಿಲವನ್ನು ತಡೆಯುವುದು ಒಳಗಿನ ಲೋಹದ ಫೆರೂಲ್ (ಕೊಳವೆಯನ್ನು ಬಿಗಿಹಿಡಿಯುವ ಪುಟ್ಟ ಬಳೆ), ಎಳೆಗಳಲ್ಲ. ಯಾವ ಪುಣ್ಯಾತ್ಮರು ಸುತ್ತಿದ್ದರೋ. ಟೇಪು ತೆಗೆದು ಹೊಸ ಫೆರೂಲ್ ಹಾಕಿದೆವು. ಇನ್ನೊಂದು ಕಳ್ಳ ಕಾಲಂ ತುದಿಯದು: ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಬೆರೆತ ಗ್ರಾಫೈಟ್ ಫೆರೂಲ್‌ಗಳು ಓವನ್ ಕೆಲವು ಬಾರಿ ಕಾದು ತಣಿದ ಮೇಲೆ ಕುಗ್ಗಿ ಸಡಿಲವಾಗುತ್ತವೆ. ಜೋಡಿಸಿದ ದಿನ ಸೋರದಿದ್ದದ್ದು ಆಮೇಲೆ ಸೋರುತ್ತದೆ. ನಿಮಿಷಕ್ಕೆ 20 ಮಿಲಿಲೀಟರ್ ಸೋರಿದರೂ ತಿಂಗಳಿಗೆ 860 ಲೀಟರ್ ದಾಟುತ್ತದೆ, ಅಂದರೆ 7 ಘನ ಮೀಟರಿನ ಸಿಲಿಂಡರಿನ ಎಂಟನೇ ಒಂದು ಭಾಗ.

ಕಿರಿಕಿರಿಗಳೂ ಇವೆ. ಜೂನ್ ಬಂತೆಂದರೆ ಎಸಿ ಕೋಣೆಯಿಂದ ಹೊರಗಿನ ಸಿಲಿಂಡರ್ ಶೆಡ್ಡಿಗೆ ಒಯ್ದ ಕೂಡಲೇ ಸುಳ್ಳು ಕೂಗು. ಅಲ್ಲಿನ ತೇವಕ್ಕೆ ಹೊಂದಿಕೊಳ್ಳಲು ಬಿಟ್ಟು, ಮತ್ತೆ ಸೊನ್ನೆಗೆ ತಂದ ಮೇಲೆಯೇ ಹುಡುಕಬೇಕು. ಮೂತಿಗೆ ಉಸಿರು ತಾಗಿದರೂ ಕೂಗುತ್ತದೆ. ಫ್ಯಾನ್ ಆರಿಸದಿದ್ದರೆ ನಿಜವಾದ ಸೋರಿಕೆಯೂ ತಪ್ಪಿಹೋಗುತ್ತದೆ. ಉಪಕರಣದ ಹೆಚ್ಚುವರಿ ಅನಿಲ ಹೊರಬಿಡುವ ಸ್ಪ್ಲಿಟ್ ವೆಂಟ್ ಬಳಿ ಕೂಗಿದರೆ ಗಾಬರಿಯಾಗಬೇಡಿ, ಅಲ್ಲಿ ಅನಿಲ ಹೊರಬರುವುದೇ ಕ್ರಮ.

ಎಷ್ಟು ಸೋರುತ್ತಿದೆ ಎಂಬುದನ್ನು ದೀಪಗಳು ಸರಿಯಾಗಿ ಹೇಳುವುದಿಲ್ಲ. ಅದಕ್ಕೆಂದೇ ಶನಿವಾರ ಸಂಜೆ ಉಪಕರಣಗಳನ್ನು ತಣಿಸಿ, ಅವುಗಳ ಕಡೆಯ ವಾಲ್ವನ್ನೂ ಸಿಲಿಂಡರನ್ನೂ ಮುಚ್ಚಿ, ಗೇಜಿನ ಮುಳ್ಳು ಎಲ್ಲಿದೆಯೆಂದು ಬರೆದಿಟ್ಟು ಹೋಗುತ್ತೇವೆ. ಸೋಮವಾರ ಮುಳ್ಳು ಇಳಿದಿದ್ದರೆ ಮಾತ್ರ ಯಂತ್ರ ಕಪಾಟಿನಿಂದ ಹೊರಬರುತ್ತದೆ. ಹಗುರವಾದ ಹೀಲಿಯಂ ಮೇಲಕ್ಕೇರುವುದರಿಂದ ಹುಡುಕಾಟ ಕೆಳಗಿನಿಂದ ಮೇಲಕ್ಕೆ.

ಬ್ಯಾಟರಿ ಈಗ ಮೊದಲಿನಷ್ಟು ಹೊತ್ತು ಬಾಳುವುದಿಲ್ಲ. ಬದಲಿ ಬ್ಯಾಟರಿ ಕೇಳಿದರೆ ಮಾರಿದವರು ಹೊಸ ಯಂತ್ರದ ದರಪಟ್ಟಿ ಕಳಿಸುತ್ತಾರೆ. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ಮಾರಾಟದ ನಂತರದ ಸೇವೆಗೆ ಒಂದು.