ಹಳೆ ಪ್ರಿಂಟರ್ ಹಂಚಿಕೊಳ್ಳಲು ಡಬ್ಬಿನಾ, ಪೈನಾ? ನನ್ನ ಓಟು ಪೈಗೆ

ಚಿಕ್ಕಮಗಳೂರಿನಲ್ಲಿ ನಮ್ಮದು ಪುಟ್ಟ ಡಿಟಿಪಿ ಅಂಗಡಿ. ಕಂಪ್ಯೂಟರ್ ಎರಡು, ಪ್ರಿಂಟರ್ ಒಂದೇ, ಎಚ್‌ಪಿ ಲೇಸರ್‌ಜೆಟ್ 1020. ಅದಕ್ಕೆ ಇರುವುದು ಯುಎಸ್‌ಬಿ ಮಾತ್ರ. ಆದರೂ ಬಿಡುವ ಮನಸ್ಸಿಲ್ಲ, 12ಎ ಕಾರ್ಟ್ರಿಡ್ಜ್ ಎಲ್ಲಿ ಬೇಕಾದರೂ ರೀಫಿಲ್ ಆಗುತ್ತದೆ. ಎರಡೂ ಕಂಪ್ಯೂಟರ್ ಹಂಚಿಕೊಳ್ಳಲು ಮೊದಲು ಪ್ರಿಂಟ್ ಸರ್ವರ್ ಡಬ್ಬಿ ತಂದೆವು, ಅಂದರೆ ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕ್‌ಗೆ ಸೇರಿಸುವ ಪುಟ್ಟ ಸಾಧನ. ಈಗ ಆ ಜಾಗದಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಇದೆ, ಇನ್ನು ಅದನ್ನು ಬದಲಾಯಿಸುವುದಿಲ್ಲ.

ಡಬ್ಬಿ ಕೂರಿಸುವುದು ಸುಲಭ. ಐಪಿ ವಿಳಾಸ, 9100 ಪೋರ್ಟ್ ಕೊಟ್ಟರೆ ಮುಗಿಯಿತು. ತೊಂದರೆ ಶುರುವಾಗಿದ್ದು ಮಳೆಗಾಲದಲ್ಲಿ.

ನಮ್ಮ ಮಲೆನಾಡಿನ ಮಳೆಗೆ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಕಂಪ್ಯೂಟರ್‌ಗೆ ಯುಪಿಎಸ್ ಇದೆ. ಲೇಸರ್ ಪ್ರಿಂಟರ್ ಒಳಗಿನ ಹೀಟರ್ ಎಳೆಯುವ ಕರೆಂಟ್ ಜಾಸ್ತಿ, ಸಣ್ಣ ಯುಪಿಎಸ್ ತಡೆಯುವುದಿಲ್ಲ. ಹಾಗಾಗಿ ಪ್ರಿಂಟರ್ ಆಫ್ ಆಗಿಬಿಡುತ್ತದೆ. 1020 ತನ್ನ ಫರ್ಮ್‌ವೇರನ್ನು, ಅಂದರೆ ತಾನು ಕೆಲಸ ಮಾಡಲು ಬೇಕಾದ ಒಳಗಿನ ಸಾಫ್ಟ್‌ವೇರನ್ನು, ಆಫ್ ಆದ ಮೇಲೆ ಉಳಿಸಿಕೊಳ್ಳುವುದಿಲ್ಲ. ಆನ್ ಆದಾಗಲೆಲ್ಲ ಕಂಪ್ಯೂಟರ್ ಅದನ್ನು ಮತ್ತೆ ಕಳಿಸಬೇಕು. ನೇರ ಕೇಬಲ್ ಇದ್ದರೆ ಡ್ರೈವರ್‌ಗೆ ಗೊತ್ತಾಗುತ್ತದೆ. ನಡುವೆ ಡಬ್ಬಿ ಇದ್ದರೆ ಪ್ರಿಂಟರ್ ಆಫ್ ಆಗಿ ಆನ್ ಆಗಿದ್ದೇ ಡ್ರೈವರ್‌ಗೆ ತಿಳಿಯುವುದಿಲ್ಲ. ಪರದೆಯ ಮೇಲೆ ಪ್ರಿಂಟ್ ಹೋಯಿತು ಅಂತ ಕಾಣುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಪಹಣಿ ತೆಗೆಸಲು ಬಂದವರು ಬಸ್ಸಿಗೆ ಹೊತ್ತಾಯಿತು ಅನ್ನುತ್ತಿರುತ್ತಾರೆ. ಆಗ ಡಬ್ಬಿಯಿಂದ ಕೇಬಲ್ ಕಿತ್ತು ಕಂಪ್ಯೂಟರ್‌ಗೆ ಚುಚ್ಚಬೇಕು, ಪ್ರಿಂಟರ್ ಒಮ್ಮೆ ಗರ್ರ್ ಅಂದ ಮೇಲೆ ಮತ್ತೆ ಡಬ್ಬಿಗೆ ಹಾಕಬೇಕು. ದಿನವಿಡೀ ಇದೇ ಕೆಲಸವಾದರೆ ವ್ಯಾಪಾರ ಮಾಡುವುದು ಯಾವಾಗ?

ಪೈನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಕಪ್ಸ್ (CUPS) ಸಾಫ್ಟ್‌ವೇರ್ ಜೊತೆ ಎಚ್‌ಪಿಯ ಲಿನಕ್ಸ್ ಡ್ರೈವರ್, ಅದರ ಪ್ಲಗಿನ್ ಹಾಕಿದ್ದೇವೆ. ಕರೆಂಟ್ ಬಂದ ತಕ್ಷಣ ಪೈ ತಾನೇ ಫರ್ಮ್‌ವೇರ್ ಕಳಿಸುತ್ತದೆ. ನಾವು ಏಳುವ ಮೊದಲೇ ಆ ಗರ್ರ್ ಸದ್ದು ಕೇಳುತ್ತದೆ. ಪೈಗೆ ಬೇಕಾದ ಕರೆಂಟ್ ತೀರಾ ಕಡಿಮೆ, ರೌಟರ್ ಜೊತೆ ಯುಪಿಎಸ್‌ಗೇ ಸೇರಿಸಿ. ಇಲ್ಲದಿದ್ದರೆ ಮೆಮೊರಿ ಕಾರ್ಡ್ ಕೆಡುವ ಭಯ. ಫೋನಿನಿಂದಲೂ ಪ್ರಿಂಟ್ ಕೊಡಬಹುದು.

ಒಂದು ಕಷ್ಟ ಉಂಟು. ಕಮಾಂಡ್ ಟೈಪ್ ಮಾಡಬೇಕು. ಅಭ್ಯಾಸ ಇಲ್ಲದವರು ಗೊತ್ತಿರುವವರನ್ನು ಒಂದು ಸಂಜೆ ಕೂರಿಸಿಕೊಳ್ಳಿ.

ನಮ್ಮ ರೌಟರಿನ ಯುಎಸ್‌ಬಿ ಕಿಂಡಿ ಪೆನ್‌ಡ್ರೈವ್‌ಗಷ್ಟೇ ಸರಿ. ವಿಂಡೋಸ್ ಶೇರಿಂಗ್ ಪುಕ್ಕಟೆ, ಆದರೆ ಪ್ರಿಂಟರ್ ಸೇರಿಸಿದ ಕಂಪ್ಯೂಟರ್ ಸದಾ ಆನ್ ಇರಬೇಕು, ನಮಗೆ ಆಗಿಬರುವುದಿಲ್ಲ.

ಇಷ್ಟಕ್ಕೆ ಪೈ 5 ಸುಮ್ನೆ ಖರ್ಚು, ಹಳೆ ಪೈ 3 ಸಾಕು. ವೈಫೈ ಇರುವ ಹೊಸ ಲೇಸರ್ ಪ್ರಿಂಟರ್‌ಗಿಂತ ಎಷ್ಟೋ ಅಗ್ಗ. ಫರ್ಮ್‌ವೇರ್ ಒಳಗೇ ಇರುವ ಪ್ರಿಂಟರ್ ನಿಮ್ಮದಾದರೆ ಡಬ್ಬಿಯೂ ನಡೆದೀತು. ಆದರೆ ಕೊಳ್ಳುವ ಮುಂಚೆ ಪ್ರಿಂಟರನ್ನು ಆಫ್ ಮಾಡಿ, ಆನ್ ಮಾಡಿ, ಆ ಡಬ್ಬಿಯಿಂದಲೇ ಒಂದು ಪುಟ ತೆಗೆದು ನೋಡಿ.